ಬೀರು ತುಂಬಿದ್ದಕ್ಕೆ ಸಿಕ್ಕ ಮಿತ್ರದೇಶ

ನನ್ನ ಸೋದರಮಾವ ವಿದೇಶಾಂಗ ಕಚೇರಿಯಲ್ಲಿ ಮೂವತ್ತು ವರ್ಷ ಪತ್ರಿಕೆ ಕತ್ತರಿಸಿದರು. ಹಾಗಂದರೆ ಅವರಿಗೆ ಸಿಟ್ಟು ಬರುತ್ತದೆ; ‘ವರ್ಗೀಕರಣ’ ಅನ್ನಬೇಕು. ಕತ್ತರಿ, ಅಂಟು, ಒದ್ದೆ ಬಟ್ಟೆ ಹರವಿಕೊಂಡು ಕೂತರೆ ಪರದೇಶಗಳ ಸುದ್ದಿಯೆಲ್ಲ ಎರಡು ಬೀರುಗಳಿಗೆ ಹೋಗಬೇಕು. ಒಂದರ ಮೇಲೆ ‘ಮಿತ್ರರು’, ಇನ್ನೊಂದರ ಮೇಲೆ ‘ಎಚ್ಚರ’ ಎಂಬ ಚೀಟಿ. ನೆಂಟರನ್ನೂ ಹೀಗೇ ವಿಂಗಡಿಸುತ್ತಾರೆಂದು ಅತ್ತೆಯ ದೂರು.

ನಾನೋ ಸಂಶೋಧಕಿ. ದೇಶಗಳ ಸ್ನೇಹ, ಹಗೆ ಹುಟ್ಟಿನಿಂದ ಬರುವುದಲ್ಲ, ನಾವು ಯಾರು, ಅವರು ಯಾರು ಎಂದು ಆಡುವ ಮಾತಿನಲ್ಲೇ ಕಟ್ಟಿಕೊಳ್ಳುವುದು ಎಂದು ತೋರಿಸಲು ಆರು ವರ್ಷ ಸವೆಸಿದ್ದೆ. ಪ್ರಬಂಧ ನಿಂತಿದ್ದೇ ಒಂದು ಭಾಷಣದ ಮೇಲೆ. ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ಮಂತ್ರಿಯೊಬ್ಬರು, ಅಲ್ಲಿಯವರೆಗೆ ಮುಖ ಕೊಟ್ಟು ಮಾತಾಡದ ನೆರೆದೇಶವನ್ನು ಇದ್ದಕ್ಕಿದ್ದಂತೆ ‘ನಮ್ಮ ಹಳೆಯ ಗೆಳೆಯ’ ಅಂದುಬಿಟ್ಟರು. ಆ ಕಡೆಯವರೂ ಹಾಗೇ ಅಂದರು, ಗಡಿ ತೆರೆಯಿತು. ಇದರ ಹಿಂದಿನ ದೂರಾಲೋಚನೆಯ ಬಗ್ಗೆ ನಾನು ಎಂಬತ್ತು ಪುಟ ಬರೆದಿದ್ದೆ. ಸಲ್ಲಿಸಲು ಹತ್ತು ದಿನ ಉಳಿದಿತ್ತು.

ಆ ಅಧ್ಯಾಯ ಓದಿ ಮಾವ ಕನ್ನಡಕ ತೆಗೆದಿಟ್ಟರು.

“ಆಲೋಚನೆ ಗೀಲೋಚನೆ ಏನೂ ಇರ್ಲಿಲ್ಲ ಪುಟ್ಟಿ. ಎಚ್ಚರದ ಬೀರು ತುಂಬಿಹೋಗಿತ್ತು. ಎರಡು ದಿನದ ಮಟ್ಟಿಗೆ ಅಂತ ಆ ದೇಶದ ಕಡತ ಮಿತ್ರರ ಬೀರುವಲ್ಲಿಟ್ಟೆ. ಭಾಷಣ ಬರೆಯೋರು ಹೊಸಬರು, ಅಲ್ಲಿಂದ ತಗೊಂಡು ಹೋದ್ರು. ಬಿಚ್ಚಿ ಓದೋಕೆ ಯಾರಿಗೆ ಪುರುಸೊತ್ತು?”

ಎಂಬತ್ತು ಪುಟ ನೀರುಪಾಲು. ನನಗೆ ನಿಜಕ್ಕೂ ಅಳು ಬಂತು.

“ಯಾರಿಗೂ ಹೇಳಲಿಲ್ವಾ ಮಾವ?”

“ರಾಜೀನಾಮೆ ಬರೆದು ಜೇಬಲ್ಲಿಟ್ಕೊಂಡು ಓಡಾಡ್ತಿದ್ದೆ. ಯಾರಾದ್ರೂ ತಪ್ಪು ಅಂತಾರೇನೋ ಅಂತ ತಿಂಗಳಿಡೀ ಎಲ್ಲ ಪತ್ರಿಕೆ ಜಾಲಾಡಿದೆ. ಒಬ್ರೂ ಅನ್ಲಿಲ್ಲ. ಒಂದು ಪತ್ರಿಕೆ ಅಂತೂ ನಮ್ಮದು ನೂರಾರು ವರ್ಷದ ನಂಟು ಅಂತ ಬರೀತು. ಯಾರಾದ್ರೂ ಮೊದಲು ಹಾಗನ್ಲಿ ಅಂತ ಎಲ್ರೂ ಕಾಯ್ತಿದ್ರು ಅನ್ಸುತ್ತೆ.”

ನಾನು ಆರು ವರ್ಷ ಹೇಳಲು ಒದ್ದಾಡಿದ್ದನ್ನು ಮಾವ ಕಾಲು ನೀವಿಕೊಳ್ಳುತ್ತಾ ಹೇಳಿ ಮುಗಿಸಿದ್ದರು. ಹೊಟ್ಟೆಕಿಚ್ಚಾಯಿತು, ಪ್ರೀತಿಯೂ ಉಕ್ಕಿತು. ದೂರಾಲೋಚನೆಯ ಪುಟಗಳನ್ನೆಲ್ಲ ಕಿತ್ತುಹಾಕಿ, ಯಾರೂ ತಪ್ಪು ಅನ್ನದ ಆ ಒಂದು ತಿಂಗಳ ಮೇಲೆ ಅಧ್ಯಾಯ ಹೊಸದಾಗಿ ಬರೆಯಲು ಕೂತೆ. ನಿಮ್ಮ ಹೆಸರು ಹಾಕಲಾ ಎಂದು ಕೇಳಿದೆ.

“ಹೆಸರು ಬೇಡ,” ಅಂದರು. “ಮೂರನೇ ಬೀರು ಕೊಡಿ ಅಂತ ನಾಲ್ಕು ಸಲ ಅರ್ಜಿ ಹಾಕಿದ್ದೆ. ಕೊಟ್ಟಿದ್ರೆ ಗಡಿ ಇವತ್ತಿಗೂ ಮುಚ್ಚೇ ಇರ್ತಿತ್ತು. ಅದನ್ನ ಬರಿ.”