ಕೊಡ್ಲಾ, ಕಟ್ಲಾ

ಅಗ್ನಿಶಾಮಕ ಠಾಣೆಗೆ ಸೇರಿದ ಮೊದಲ ದಿನ ಅವಳಿಗೆ ಕೊಟ್ಟ ಕೋಟಿನ ತೋಳು ಬೆರಳ ತುದಿಯನ್ನೂ ದಾಟಿ ಜೋತುಬಿದ್ದಿತ್ತು. ಬೂಟಿನೊಳಗೆ ಕಾಲು ಲೊಟಲೊಟ ಎನ್ನುತ್ತಿತ್ತು. ಬೇರೆ ಅಳತೆಯದು ಇಲ್ಲವೇ ಎಂದು ಕೇಳಿದಳು.

"ಸದ್ಯಕ್ಕೆ ಹೋಗ್ಲಿ ಬಿಡಮ್ಮ," ಎಂದರು ಠಾಣೆಯ ಸಾಹೇಬರು. "ಹೇಗೂ ನೀನು ಫೋನಿನ ಹತ್ರ ಕೂತ್ಕೊಳ್ಳೋಳು. ಹೆಣ್ಣು ಧ್ವನಿ ಕೇಳಿದ್ರೆ ಜನಕ್ಕೆ ಧೈರ್ಯ ಬರುತ್ತೆ."

ಏಣಿ ಹತ್ತುವ ಪರೀಕ್ಷೆಯಲ್ಲೂ ಭಾರ ಹೊತ್ತು ಓಡುವ ಪರೀಕ್ಷೆಯಲ್ಲೂ ಗಂಡಸರ ಸಮಕ್ಕೆ ಪಾಸಾಗಿ ಬಂದವಳು ಅವಳು. ಹುಬ್ಬು ಗಂಟಿಕ್ಕಿತು. ಸಂಜೆಯೊಳಗೆ ಠಾಣೆಯವರು ಅವಳಿಗೆ 'ಗಂಟುಮೋರೆ' ಎಂದು ಹೆಸರಿಟ್ಟಾಗಿತ್ತು. ಮನೆಯಲ್ಲೂ ಅದೇ ಹೆಸರು ಇದ್ದುದರಿಂದ ಅವಳಿಗೆ ಹೊಸದೆನ್ನಿಸಲಿಲ್ಲ.

ಅವಳ ಸಿಟ್ಟಿಗೆ ಕಾರಣಗಳು ಹಲವಿದ್ದರೂ ಮೂಲ ಒಂದೇ: 'ಹೋಗ್ಲಿ ಬಿಡು' ಎಂಬ ಮಾತು. ಅಮ್ಮ ಸಿದ್ಧ ಉಡುಪಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಮೊದಲ ಮಹಡಿಯ ಆ ಹಾಲಿಗೆ ಎರಡು ಬಾಗಿಲು. ಹಿಂದಿನದಕ್ಕೆ ಸದಾ ಸರಪಳಿ, ಸರಪಳಿಗೆ ಬೀಗ. ತೆರೆದಿಟ್ಟರೆ ಬಟ್ಟೆ ಕಳುವಾಗುತ್ತದೆ ಎಂದು ಮಾಲೀಕನ ಭಯ. ಒಮ್ಮೆ ವೈರು ಸುಟ್ಟು ಹಾಲಿನಲ್ಲಿ ಹೊಗೆ ತುಂಬಿದಾಗ ಹೆಂಗಸರೆಲ್ಲ ಇದ್ದ ಒಂದೇ ಬಾಗಿಲಿಗೆ ನುಗ್ಗಿದ್ದರು. ಆ ನೂಕುನುಗ್ಗಲಿನಲ್ಲಿ ಅಮ್ಮನ ಎಡಗೈ ಮುರಿಯಿತು. ಮೂಳೆ ಕೂಡಿತಾದರೂ ಮಣಿಕಟ್ಟು ಪೂರ್ತಿ ತಿರುಗಲಿಲ್ಲ. ಇಂದಿಗೂ ಡಬ್ಬಿಯ ಮುಚ್ಚಳ ತೆಗೆಯಲು ಮಗಳೇ ಬೇಕು. "ಜೀವ ಉಳೀತಲ್ಲ, ಹೋಗ್ಲಿ ಬಿಡು," ಎಂದಿದ್ದಳು ಅಮ್ಮ. ಮಗಳು ಅಗ್ನಿಶಾಮಕ ಕೆಲಸಕ್ಕೆ ಅರ್ಜಿ ಹಾಕಿದ್ದು ಕೈ ಮುರಿದ ಅದೇ ವಾರ.

ಈಗ ಅವಳು ತರಬೇತಿಯಲ್ಲಿದ್ದಳು. ಅದು ಮುಗಿದಾಗ ಗಾಡಿಯ ತಂಡಕ್ಕೋ, ಕಾಯಂ ಫೋನಿನ ಕೋಣೆಗೋ ಎಂದು ತೀರ್ಮಾನಿಸುವವರು ಸಾಹೇಬರೇ.

ಫೋನಿನ ಪಾಳಿ ಮುಗಿದ ಮೇಲೆ ಅವಳು ಮನೆಗೆ ಹೋಗದೆ ಪಂಪಿನ ಹತ್ತಿರ ನಿಲ್ಲುತ್ತಿದ್ದಳು. ಪಂಪು ನಡೆಸುವವನಿಗೆ ಮುಂದಿನ ಹಲ್ಲುಗಳಿರಲಿಲ್ಲ. ಎಲ್ಲರೂ ಬೊಚ್ಚಣ್ಣ ಎನ್ನುತ್ತಿದ್ದರು, ಅವನೂ ಹಾಗೇ ಓಗೊಡುತ್ತಿದ್ದ.

"ಮೊದಲನೇ ಪಾಠ," ಎಂದ ಬೊಚ್ಚಣ್ಣ. "ಈ ಅಂಗಳದಲ್ಲಿ 'ಬಿಡು' ಅನ್ನೋ ಮಾತಿಲ್ಲ."

"ಯಾಕೆ?"

"ನೀರು ಬಿಡು ಅಂದ್ರೂ ಬಿಡು, ಸಾಕು ಬಿಡು ಅಂದ್ರೂ ಬಿಡು. ಆಗ ನಾನು ಪೈಪಿನ ತುದೀಲಿದ್ದೆ. ಸಾಕು ಅಂತ ಹಿಡಿ ಸಡಿಲಿಸಿ 'ಬಿಡು' ಅಂತ ಕೂಗಿದೆ. ಪಂಪಲ್ಲಿದ್ದೋರು ಪೂರ್ತಿ ತಿರುಗಿಸಿ ನೀರು ಬಿಟ್ರು." ಅವನು ಬಾಯಿ ತೆರೆದು ಖಾಲಿ ಜಾಗ ತೋರಿಸಿದ. "ಪೈಪಿನ ಹಿತ್ತಾಳೆ ಮೂತಿ ಬಂದು ಬಡೀತು. ಪಂಪಲ್ಲಿದ್ದೋರು ಬೇರೆ ಯಾರೂ ಅಲ್ಲ, ನಮ್ಮ ಸಾಹೇಬ್ರೇ. ಆಮೇಲೆ ಅವರೇ ಕಾನೂನು ಮಾಡಿದ್ರು. ನೀರು ಬೇಕಾದ್ರೆ 'ಕೊಡು'. ಬೇಡವಾದ್ರೆ 'ಕಟ್ಟು'. ಯಾರಾದ್ರೂ ಮರೆತು 'ಬಿಡು' ಅಂದ್ರೆ ಕೈ ಆಡಿಸ್ಬೇಡ. 'ಕೊಡ್ಲಾ, ಕಟ್ಲಾ' ಅಂತ ಕೇಳು."

ನೀರು ಎಷ್ಟು ಬಲದಿಂದ ಮುಂದೆ ಚಿಮ್ಮುತ್ತದೋ ಪೈಪು ಅಷ್ಟೇ ಬಲದಿಂದ ಹಿಂದಕ್ಕೆ ಒದೆಯುತ್ತದೆ ಎಂದು ಅವಳು ಶಾಲೆಯಲ್ಲಿ ಓದಿದ್ದಳು. ಆ ಒದೆತಕ್ಕೆ ಹಲ್ಲು ಹೋಗುತ್ತದೆಂದು ಪುಸ್ತಕದಲ್ಲಿ ಇರಲಿಲ್ಲ. 'ಬಿಡು' ಎನ್ನಲಾಗದ ಒಂದು ಅಂಗಳ ಜಗತ್ತಿನಲ್ಲಿದೆ ಎನ್ನುವುದೇ ಅವಳಿಗೆ ಹಿತವೆನಿಸಿತು.

ಕಾರ್ಖಾನೆಯ ಹಿಂಬಾಗಿಲಿನ ಸಂಗತಿಯನ್ನು ಅವಳು ಸಾಹೇಬರಿಗೆ ಹೇಳದೆ ಇರಲಿಲ್ಲ.

"ನೋಟಿಸ್ ಕೊಟ್ಟಿದೀವಮ್ಮ. ತೆಗೀತೀನಿ ಅಂದಿದಾನೆ."

"ಯಾವಾಗ ಸಾರ್?"

"ಫೋನ್ ಬಡ್ಕೋತಿದೆ, ಹೋಗಿ ತಗೋ."

ಹಾಗೆ ಬಡಿದುಕೊಂಡ ಫೋನುಗಳಲ್ಲಿ ಒಂದು, ಒಂದು ಮಧ್ಯಾಹ್ನ, ಅದೇ ಮಾಲೀಕನದಾಗಿತ್ತು. ಬೀದಿಯಲ್ಲಿ ನಿಂತು ಮಾತಾಡುತ್ತಿದ್ದ. ಮುಂಬಾಗಿಲ ಪಕ್ಕದ ಇಸ್ತ್ರಿ ಮೇಜಿನಿಂದ ಬೆಂಕಿ ಹತ್ತಿದೆ, ಬೇಗ ಬನ್ನಿ ಎಂದ.

"ಒಳಗೆ ಯಾರಿದಾರೆ?"

"ಮಾಲು ಪೂರ್ತಿ ಒಳಗೇ ಇದೆ."

"ಜನ?"

"ಅವರೂ ಇದಾರೆ."

"ಹಿಂಬಾಗಿಲ ಬೀಗದ ಕೈ?"

"ಮನೇಲಿದೆ."

ಅವಳು ಗಂಟೆ ಬಾರಿಸಿ ಅಂಗಳಕ್ಕೆ ಓಡಿದಳು. ಗಾಡಿ ಹತ್ತುತ್ತಿದ್ದ ಬೊಚ್ಚಣ್ಣನ ತೋಳು ಹಿಡಿದಳು. "ಸಿದ್ಧ ಉಡುಪಿನ ಕಾರ್ಖಾನೆ. ಮುಂಬಾಗಿಲಲ್ಲೇ ಬೆಂಕಿ. ಹಿಂದಿನ ಗಲ್ಲಿಗೆ ಹೋಗಿ. ಮೊದಲು ಕಟರ್, ಆಮೇಲೆ ನೀರು."

"ನಿಮ್ಮಮ್ಮ ಇರೋದು ಅಲ್ಲೇ ಅಲ್ವಾ?"

"ಹೂಂ. ಹೋಗಿ."

ಗಾಡಿ ಹೋಯಿತು. ಅವಳು ಹೋಗುವಂತಿರಲಿಲ್ಲ, ಫೋನು ಅವಳ ಪಾಲಿನದು. ಆ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಗೋಡೆಗೆ ಒಂದು ಫ್ಯಾನು. ಯಾರೋ ಫೋನು ಮಾಡಿ ತಮ್ಮ ಓಣಿಯ ಚರಂಡಿ ಕಟ್ಟಿಕೊಂಡಿದೆ, ನೀವು ನೀರು ಹೊಡೆಯುತ್ತೀರಾ ಎಂದು ಕೇಳಿದರು. ಅದು ನಗರಸಭೆಯ ಕೆಲಸವೆಂದು ಅವಳು ಸಾವಕಾಶವಾಗಿ ಹೇಳಿದಳು. ಹೇಳುವಾಗ ಎಡಗೈಯಲ್ಲಿದ್ದ ಪೆನ್ಸಿಲ್ ಎರಡು ತುಂಡಾಗಿತ್ತು. ಮಾಲೀಕನ ಮೇಲೆ, ಸಾಹೇಬರ ಮೇಲೆ, ಆ ಬಾಗಿಲ ಮುಂದೆ ವರ್ಷಗಟ್ಟಲೆ ತಲೆ ತಗ್ಗಿಸಿ ಹೊಲಿದ ಅಮ್ಮನ ಮೇಲೆ, ಒಬ್ಬರಾದ ಮೇಲೊಬ್ಬರ ಮೇಲೆ ಅವಳಿಗೆ ಸಿಟ್ಟು ಬಂತು.

ಕಡೆಗೆ ವೈರ್‌ಲೆಸ್ ಗೊರಗೊರ ಎಂದಿತು. ಬೊಚ್ಚಣ್ಣ. "ಸರಪಳಿ ಕತ್ತರಿಸಿದ್ವಿ. ಎಲ್ಲರೂ ಹೊರಗೆ. ನಿಮ್ಮಮ್ಮನೂ ಹೊರಗೆ. ಬೈತಾ ಇದಾರೆ."

"ಯಾರನ್ನ?"

"ನನ್ನ. ನೋವಿರೋ ಕೈ ಹಿಡಿದು ಎಳೆದೆ ಅಂತ."

ಅಂದು ಸಂಜೆ ಮನೆಯಲ್ಲಿ ಅಮ್ಮ ಕೆಮ್ಮುತ್ತ ಕೆಮ್ಮುತ್ತ ಕೂದಲಿನ ಮಸಿ ತೊಳೆದಳು. "ಯಾರಿಗೂ ಏನೂ ಆಗ್ಲಿಲ್ವಲ್ಲ, ಹೋಗ್ಲಿ ಬಿಡೇ. ಗೋಡೆ ಒರೆಸಿ ನಾಳಿದ್ದು ಮೆಷಿನ್ ಶುರು ಮಾಡ್ತಾರಂತೆ. ಮಾಲೀಕನ ತಂಟೆಗೆ ಹೋಗ್ಬೇಡ. ಸಿಟ್ಟಲ್ಲಿ ಕೊಯ್ಕೊಂಡ ಮೂಗು ಆಮೇಲೆ ಬರುತ್ತಾ?"

"ಹೋಗ್ತಿದ್ದದ್ದು ನನ್ನ ಮೂಗಲ್ಲ ಅಮ್ಮ, ನಿನ್ನ ಜೀವ," ಎಂದು ಮಗಳು ಎದ್ದುಹೋದಳು.

ಮರುದಿನ ಬೆಳಗ್ಗೆ ಅಂಗಳದಲ್ಲಿ ಕವಾಯತು. ಸಾಹೇಬರು ನೋಡುತ್ತ ನಿಂತಿದ್ದರು. ಪಂಪಿನ ಚಕ್ರ ಅವಳ ಕೈಯಲ್ಲಿತ್ತು, ಪೈಪಿನ ತುದಿ ಬೊಚ್ಚಣ್ಣನ ಕೈಯಲ್ಲಿ. ತುಂಡಾದ ಸರಪಳಿಯನ್ನು ಬೀಗದ ಸಮೇತ ಅವಳೇ ಗಾಡಿಯ ಕೊಕ್ಕೆಗೆ ನೇತುಹಾಕಿದ್ದಳು. ಆಗ ಮಾಲೀಕ ಬಂದ. ಕೃತಜ್ಞತೆ ಹೇಳಲು ಬಂದನೆಂದು ಎಲ್ಲರೂ ಎಣಿಸಿದರು.

"ಸಾರ್, ಬೀಗ ಹೊಸದು. ನಿಮ್ಮವರು ಸರಪಳಿ ಮಾತ್ರ ಕತ್ತರಿಸಿದಾರೆ, ಅಷ್ಟು ಉಪಕಾರ ಆಯ್ತು. ಬೀಗ ವಾಪಸ್ ಕೊಟ್ರೆ ಹೊಸ ಸರಪಳಿ ನಾನೇ ತಗೋತೀನಿ."

ಬೊಚ್ಚಣ್ಣ ಪೈಪು ಹಿಡಿದಲ್ಲೇ ಬಾಯಿ ತೆರೆದ. ಸಾಹೇಬರು ಹಣೆ ಒರೆಸಿಕೊಂಡರು. "ಬೆಳಬೆಳಗ್ಗೆ ಯಾಕೆ ರಗಳೆ. ಅವರ ಬೀಗ ತಾನೆ. ಹೋಗ್ಲಿ ಬಿಡಮ್ಮ."

ಅವಳ ಕೈ ಚಕ್ರದ ಮೇಲಿಂದ ಅಲುಗಲಿಲ್ಲ.

"ಕೊಡ್ಲಾ, ಕಟ್ಲಾ ಸಾರ್?"

"ನಾನು ಬೀಗದ ಮಾತಾಡಿದ್ದು."

"ನಾನೂ ಬೀಗದ ಮಾತೇ ಕೇಳ್ತಿರೋದು. ಕೊಡು ಅಂದ್ರೆ ಈಗಲೇ ಕೊಡ್ತೀನಿ, ಇವತ್ತೇ ಹಾಕ್ಕೊಳ್ಲಿ. ಕಟ್ಟು ಅಂದ್ರೆ ಬಾಗಿಲು ಸರಿಯಾಗೋವರೆಗೆ ಕಾರ್ಖಾನೆ ನಿಲ್ಲಿಸಿ. ಎರಡರಲ್ಲಿ ಒಂದು ಹೇಳಿ. ಮೂರನೇದು ಈ ಅಂಗಳದಲ್ಲಿಲ್ಲ, ನೀವೇ ತೆಗೆದಿದ್ದು."

ಬೊಚ್ಚಣ್ಣ ನಗಲಿಲ್ಲ. ಆದರೆ ಬಾಯಿ ತೆರೆದೇ ಇತ್ತು, ಹಲ್ಲಿಲ್ಲದ ಜಾಗ ಸಾಹೇಬರಿಗೆ ನೇರವಾಗಿ ಕಾಣುವಂತೆ. ಸಾಹೇಬರ ಕಿವಿ ಕೆಂಪಾಯಿತು. ಸರಪಳಿಯನ್ನು ನೋಡಿದರು, ಬಾಯಿಯನ್ನು ನೋಡಿದರು.

"ಕಟ್ಟು," ಎಂದರು.

ಮಾಲೀಕ ಕಾರ್ಖಾನೆಗೆ ಮರಳುವ ಹೊತ್ತಿಗೆ ಸಾಹೇಬರ ಜೀಪು ಅಲ್ಲಿತ್ತು. ಹಿಂಬಾಗಿಲು ಬೀಗವಿಲ್ಲದೆ ಹೊರಕ್ಕೆ ತೆರೆಯುವಂತೆ ಮಾಡಿಸುವ ತನಕ ಮೆಷಿನ್ ಓಡಿಸುವಂತಿಲ್ಲವೆಂದು ಮುದ್ರೆ ಬಿತ್ತು. ಅಷ್ಟು ದಿನ ಕೂಲಿ ಇರಲಿಲ್ಲ. ಜೊತೆಯ ಹೆಂಗಸರು ಮನೆಯ ಮುಂದೆ ಬಂದು, "ನಿಮ್ಮ ಮಗಳ ಮೂಗಿನ ತುದಿಯ ಕೋಪಕ್ಕೆ ನಮ್ಮ ಹೊಟ್ಟೆ ಮೇಲೆ ಬರೆ," ಎಂದು ಹೋದರು. ಅಮ್ಮ ಮಗಳೊಡನೆ ಮಾತು ಬಿಟ್ಟಳು. ಡಬ್ಬಿಯ ಮುಚ್ಚಳವನ್ನು ಪಕ್ಕದ ಮನೆಯವರ ಕೈಲಿ ತೆಗೆಸಿಕೊಂಡಳು. ಮಗಳಿಗೆ ಬೇರೆ ಯಾವ ಬೈಗುಳವೂ ಅಷ್ಟು ತಾಗಲಿಲ್ಲ.

ತರಬೇತಿ ಮುಗಿದಾಗ ಸಾಹೇಬರು ಅವಳನ್ನು ಕರೆದರು. "ಎಲ್ಲರ ಮುಂದೆ ಕೇಳ್ಬೇಕಿತ್ತಾ?"

"ಹೌದು ಸಾರ್."

"ಗಾಡಿಗೇ ಹೋಗು. ನಿನ್ನನ್ನ ಫೋನಲ್ಲಿ ಕೂರಿಸಿದ್ರೆ ಇಡೀ ಊರಿಗೆ ಬೈತೀಯ." ಮುಖ ಸಿಂಡರಿಸಿಕೊಂಡೇ ಹೊಸ ಕೋಟನ್ನು ಮೇಜಿನ ಮೇಲೆ ತಳ್ಳಿದರು. ತೋಳು ಸರಿಯಾಗಿ ಮಣಿಕಟ್ಟಿಗೆ ನಿಂತಿತು.

ಅದೇ ವಾರ ಕಾರ್ಖಾನೆ ಶುರುವಾಯಿತು. ಮೊದಲ ದಿನ ಕೆಲಸದಿಂದ ಬಂದ ಅಮ್ಮ ಡಬ್ಬಿಯನ್ನು ಮಗಳ ಮುಂದೆ ಕುಕ್ಕಿದಳು. ಮಗಳು ಮುಚ್ಚಳ ತೆಗೆದುಕೊಟ್ಟಳು.

"ನಿನ್ನಿಂದ ನನ್ನ ಮೆಷಿನ್ ಹಿಂಬಾಗಿಲ ಪಕ್ಕಕ್ಕೆ ಹಾಕಿದಾನೆ, ಸೇಡು. ದಿನವಿಡೀ ಗಾಳಿ. ದಾರ ಹಾರುತ್ತೆ, ಬಟ್ಟೆ ಹಾರುತ್ತೆ."

"ಬಾಗಿಲು ಮುಚ್ಚಿ ಹೊಲಿ. ಬೀಗ ಇಲ್ವಲ್ಲ."

"ಅವನೂ ಮುಚ್ಚೋಕೆ ಬಂದಿದ್ದ. ಮುಟ್ಟಿ ನೋಡು ಅಂದೆ." ಅಮ್ಮನ ಹುಬ್ಬು ಗಂಟಿಕ್ಕಿತ್ತು, ಥೇಟ್ ಮಗಳ ಹಾಗೆಯೇ. "ಯಾಕೆ ಮುಚ್ಚಲಿ?"