ಗಡಿಯಾಚೆಯ ಕಾಲೇಜು

ಕೋರಿನ್ ಯುರ್ಕೋನಿಸ್ ಲಾಭವಿಲ್ಲದೆ ಕಿರುಬೆರಳನ್ನೂ ಅಲ್ಲಾಡಿಸುವವಳಲ್ಲ. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಕಾರ್ಯದರ್ಶಿ ಡೊಲೊರೆಸ್ ಹಾಸ್ಕೊ ಮೊದಲ ದಿನವೇ ಹೀಗೆ ತೀರ್ಪು ಕೊಟ್ಟಿದ್ದಳು. ಅದಕ್ಕೆ ಕಾರಣವೂ ಇತ್ತು. ದಳಕ್ಕೆ ಸೇರಲು ಬಂದವರು ಸಾಮಾನ್ಯವಾಗಿ ತಮ್ಮ ಅಪ್ಪ ಇದೇ ದಳದಲ್ಲಿದ್ದ, ಅಜ್ಜ ಇದೇ ಲಾರಿ ಓಡಿಸುತ್ತಿದ್ದ ಎಂದು ಮಾತು ಶುರುಮಾಡುತ್ತಾರೆ. ಈ ಹುಡುಗಿ ಪೆಟ್ರೋಲ್ ಬಂಕಿನ ಅಂಗಡಿಯ ಏಪ್ರನ್ನನ್ನೂ ಬಿಚ್ಚದೆ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು.

"ವರ್ಷಕ್ಕೆ ಎಷ್ಟು ಸಲ ಬಂದ್ರೆ ಕಾಲೇಜ್ ಫೀಸ್ ಕಟ್ತಾರೆ?"

"ಬೆಂಕಿ ಬಿದ್ದಾಗೆಲ್ಲ ಬರ್ಬೇಕು," ಎಂದಳು ಡೊಲೊರೆಸ್.

"ಅದು ಸರಿ ಮಿಸೆಸ್ ಹಾಸ್ಕೊ. ಕಮ್ಮಿ ಅಂದ್ರೆ ಎಷ್ಟು?"

ಡೊಲೊರೆಸ್ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ಪರೀಕ್ಷೆಗೆ ಬರುವುದಿಲ್ಲ ಎಂದು ಗೊತ್ತಾದೊಡನೆ ಪುಸ್ತಕ ಮುಚ್ಚುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದಳು. ಇದು ಅದೇ ಜಾತಿ ಎಂದುಕೊಂಡು ಸದಸ್ಯತ್ವದ ಕಾಗದ ಮುಂದೆ ತಳ್ಳಿದಳು. ದಳದಲ್ಲಿ ಅರುವತ್ತು ದಾಟಿದವರೇ ಹೆಚ್ಚು; ಬಂದವರನ್ನು ಹಿಂದಕ್ಕೆ ಕಳಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಹುಡುಗಿಗೆ ಬೇಕಾಗಿದ್ದು ಎಕ್ಸ್-ರೇ ತೆಗೆಯುವ ಎರಡು ವರ್ಷದ ಕೋರ್ಸು. ಪೆನ್ಸಿಲ್ವೇನಿಯಾದ ಆ ಕಣಿವೆಯಲ್ಲಿ ಕಲ್ಲಿದ್ದಲ ಗಣಿಗಳು ಮುಚ್ಚಿ ಎಷ್ಟೋ ಕಾಲವಾಗಿ, ಈಗ ಕೈತುಂಬ ಸಂಬಳ ಕೊಡುವುದು ಆಸ್ಪತ್ರೆಯೊಂದೇ. ಗುಡ್ಡದ ತಿರುವು ದಾಟಿದರೆ ಕಮ್ಯುನಿಟಿ ಕಾಲೇಜು. ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಲಿಸಿದರೆ ಶುಲ್ಕ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಕಡಿಮೆಯಾದರೂ ಕೈಯಲ್ಲಿಲ್ಲದವರಿಗೆ ಅದೂ ಒಂದೇ, ಇದೂ ಒಂದೇ.

ದಳಕ್ಕೆ ಬರುವ ಮೊದಲು ಕೋರಿನ್ ಬೇರೆಲ್ಲ ಬಾಗಿಲು ತಟ್ಟಿಯಾಗಿತ್ತು. ಇದು ಡೊಲೊರೆಸ್‌ಗೆ ತಿಳಿದದ್ದು ನಿಧಾನವಾಗಿ, ನೀರಿನ ಪೈಪು ಒಣಗಿಸಿ ಸುತ್ತುವಾಗ ಆಡಿದ ಮಾತುಗಳಿಂದ. ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಅನುದಾನಕ್ಕೆ, ಇಪ್ಪತ್ತನಾಲ್ಕು ತುಂಬದವರು ಅಪ್ಪ ಅಮ್ಮನ ವರಮಾನ ತೋರಿಸಬೇಕು. ಕೋರಿನ್‌ಗೆ ಇಪ್ಪತ್ತೆರಡು. ಅಪ್ಪ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಅಮ್ಮ ಹೊಸ ಗಂಡನ ಜೊತೆ ಫ್ಲಾರಿಡಾ ಸೇರಿ, ಮಗಳ ಫೋನು ಎತ್ತುವುದನ್ನು ಬಿಟ್ಟಿದ್ದಾಳೆ. ಹುಡುಗಿ ಬೆಳೆದದ್ದು ಅಜ್ಜಿಯ ಮನೆಯಲ್ಲಿ. ಅಜ್ಜಿಯ ಪಿಂಚಣಿ ತೋರಿಸಿದರೆ, ಅಜ್ಜಿ ಕಾನೂನಿನ ಪ್ರಕಾರ ಪೋಷಕಿಯಲ್ಲ ಎಂದರು ಕಚೇರಿಯವರು. ವಿನಾಯಿತಿ ಕೇಳಿದ್ದಕ್ಕೆ ಪಾದ್ರಿಯ ಪತ್ರ, ಮೇಷ್ಟರ ಪತ್ರ ತರಿಸಿಕೊಂಡರು. ಆಮೇಲೆ, ಸಹಾಯ ಮಾಡುವುದಿಲ್ಲವೆಂದು ಅಮ್ಮನೇ ಬರೆದು ಕೊಟ್ಟರೆ ಒಳ್ಳೆಯದು ಎಂದರು.

"ಫೋನೇ ಎತ್ತದೋಳು ಕಾಗದ ಬರೀತಾಳಾ? ಅಷ್ಟು ಒಳ್ಳೇ ಅಮ್ಮ ಆಗಿದ್ರೆ ನಾನು ಇವರ ಹತ್ರ ಯಾಕೆ ಹೋಗ್ತಿದ್ದೆ?" ಎಂದು ಕೋರಿನ್ ಪೈಪಿನ ಮೇಲೆ ಸಿಟ್ಟು ತೀರಿಸಿಕೊಂಡಿದ್ದಳು.

ಚರ್ಚಿನ ವಿದ್ಯಾರ್ಥಿವೇತನ ಹೈಸ್ಕೂಲು ಮುಗಿಸಿದ ವರ್ಷವೇ ಸೇರುವವರಿಗೆ ಮಾತ್ರ. ಬ್ಯಾಂಕಿನ ಸಾಲಕ್ಕೆ ಇನ್ನೊಬ್ಬರ ಜಾಮೀನು ಬೇಕು. ಅಜ್ಜಿ ಹಿಂದೊಮ್ಮೆ ಮಗನ ಟ್ರಕ್ಕಿಗೆ ಜಾಮೀನು ನಿಂತು ಕೈ ಸುಟ್ಟುಕೊಂಡವಳು, ಪೆನ್ನು ಕಂಡರೆ ಬೇರೆ ಕೋಣೆಗೆ ಹೋಗುತ್ತಾಳೆ. ಕೊನೆಗೆ ಉಳಿದದ್ದು ಕೌಂಟಿಯ, ಅಂದರೆ ಜಿಲ್ಲಾಡಳಿತದ, ಯೋಜನೆ. ಒಂದು ವರ್ಷ ಅಗ್ನಿಶಾಮಕ ದಳದಲ್ಲಿ ನಿಯಮಿತವಾಗಿ ದುಡಿದವರ ಕಾಲೇಜು ಶುಲ್ಕವನ್ನು ಕೌಂಟಿ ಭರಿಸುತ್ತದೆ.

ಕೋರಿನ್ ದುಡಿದಳು. ಆದರೆ ಅಳೆದು ತೂಗಿ ದುಡಿದಳು. ಸಂಜೆಯ ತರಬೇತಿಗೆ ಹಾಜರಿ ಸಿಗುತ್ತದೆ, ಬಂದಳು. ಸೈರನ್ ಕೂಗಿದರೆ ಲೆಕ್ಕಕ್ಕೆ ಬರುತ್ತದೆ, ಓಡಿ ಬಂದಳು. ದಳಕ್ಕೆ ಹಣ ಕೂಡಿಸುವ ಬಿಂಗೊ ಆಟದ ರಾತ್ರಿ ಕುರ್ಚಿ ಹಾಕಲು ಕರೆದರೆ, "ಅದು ಲೆಕ್ಕಕ್ಕೆ ಬರತ್ತಾ?" ಎಂದು ಮೊದಲು ಕೇಳುತ್ತಿದ್ದಳು. ಬರುವುದಿಲ್ಲ ಎಂದರೆ ಅಂಗಡಿಯ ಪಾಳಿ ನೆನಪಾಗುತ್ತಿತ್ತು. ದಳದ ಮುಖ್ಯಸ್ಥ ಲಿಯೋ ಬ್ರಿಲ್ ಆಕೆಗೆ 'ಮೀಟರ್' ಎಂದು ಹೆಸರಿಟ್ಟಿದ್ದ. "ಏನಮ್ಮ ಮೀಟರ್, ಇವತ್ತು ಓಡ್ತಾ ಇದೀಯಾ ನಿಂತಿದೀಯಾ?" ಎಂದು ಕೆಣಕಿದರೆ ಹುಡುಗಿ ಮುಖ ಕೆಂಪು ಮಾಡದೆ, "ಓಡ್ತಾ ಇದೀನಿ ಚೀಫ್, ಸಹಿ ಹಾಕಿ," ಎನ್ನುತ್ತಿದ್ದಳು. ಡೊಲೊರೆಸ್‌ಗೆ ಇಂಥ ಮಾತು ರುಚಿಸುತ್ತಿರಲಿಲ್ಲ. ಆದರೂ ವರ್ಷದ ಕೊನೆಯಲ್ಲಿ ಪ್ರಮಾಣಪತ್ರವನ್ನು ಒಂದು ತಪ್ಪಿಲ್ಲದೆ ಟೈಪು ಮಾಡಿ ತಾನೇ ಅಂಚೆಗೆ ಹಾಕಿದಳು. ನ್ಯಾಯ ಬೇರೆ, ಅಭಿರುಚಿ ಬೇರೆ.

ಉತ್ತರ ಬಂದದ್ದು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ. ಅರ್ಜಿ ತಿರಸ್ಕೃತ. ಯೋಜನೆ ಕೌಂಟಿಯೊಳಗಿನ ಕಾಲೇಜಿಗೆ ಮಾತ್ರ ಅನ್ವಯಿಸುತ್ತದೆ. ಅರ್ಜಿದಾರಳು ಹೆಸರಿಸಿದ ಕಾಲೇಜು ಪಕ್ಕದ ಕೌಂಟಿಯದು.

ಡೊಲೊರೆಸ್ ಎರಡು ಸಲ ಓದಿದಳು. ಕಣಿವೆಯ ಜನ ಆ ಕಾಲೇಜನ್ನು 'ನಮ್ಮ ಕಾಲೇಜು' ಎನ್ನುತ್ತಾರೆ. ಅಲ್ಲಿಯ ದಿನಸಿ ಅಂಗಡಿಗೆ ಹೋಗುತ್ತಾರೆ, ಅಲ್ಲಿಯ ಹಲ್ಲಿನ ಡಾಕ್ಟರಿಗೆ ಬಾಯಿ ತೆರೆಯುತ್ತಾರೆ, ಅಲ್ಲಿ ಸತ್ತವರನ್ನು ಇಲ್ಲಿ ಹೂಳುತ್ತಾರೆ. ನಡುವೆ ಒಂದು ಗಡಿ ಇದೆ ಎಂಬುದು ತೆರಿಗೆ ಕಟ್ಟುವ ದಿನ ಬಿಟ್ಟರೆ ಯಾರಿಗೂ ನೆನಪಿರುವುದಿಲ್ಲ. ಊರಲ್ಲೇ ಹುಟ್ಟಿ ಬೆಳೆದ ಡೊಲೊರೆಸ್‌ಗೂ ಹೊಳೆದಿರಲಿಲ್ಲ.

ಕೌಂಟಿ ಕಚೇರಿಗೆ ಫೋನು ಮಾಡಿದಳು. ಅಲ್ಲಿನ ಯುವಕ ಬಹಳ ವಿನಯವಂತ. ಸ್ವಂತ ಕೌಂಟಿಯ ಕಾಲೇಜಿಗೆ ಸೇರಬಹುದಲ್ಲ ಮೇಡಂ, ಎಂದ. ಅಲ್ಲಿ ಎಕ್ಸ್-ರೇ ಕೋರ್ಸು ಇಲ್ಲ ಎಂದಳು. ಹೋಟೆಲ್ ನಿರ್ವಹಣೆ ಇದೆ, ಅದು ಕೂಡ ಒಳ್ಳೆಯದೇ, ಎಂದ. ಡೊಲೊರೆಸ್ ಅವನ ಮೇಲಧಿಕಾರಿಯನ್ನು ಕೇಳಿದಳು, ಮೇಲಧಿಕಾರಿ ರಜೆಯಲ್ಲಿದ್ದ. ಮರುವಾರ ಸಿಕ್ಕಿದ ಮೇಲಧಿಕಾರಿ ಯುವಕನ ಮಾತನ್ನೇ ಇನ್ನಷ್ಟು ನಿಧಾನವಾಗಿ ಹೇಳಿದ. ಫೋನು ಇಟ್ಟಾಗ ಅವಳ ಕಿವಿ ಬಿಸಿಯಾಗಿತ್ತು. ತರಗತಿಯಲ್ಲಾಗಿದ್ದರೆ ಇಬ್ಬರನ್ನೂ ಹೊರಗೆ ನಿಲ್ಲಿಸುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಕೋರಿನ್ ಬಂದಳು. ಹಿಂದಿನ ಅಡುಗೆಮನೆಯಲ್ಲಿ ಹೆಂಗಸರು ಮಾರಾಟಕ್ಕೆಂದು ಆಲೂಗಡ್ಡೆ ತುಂಬಿದ ಪಿಯರೋಗಿ ಕಡುಬು ಬೇಯಿಸುತ್ತಿದ್ದರು. ಸ್ಟೇಷನ್ನಿನ ತುಂಬ ಬೆಣ್ಣೆ ಈರುಳ್ಳಿಯ ವಾಸನೆ. ಹುಡುಗಿ ದಪ್ಪ ಕೋಟು, ಬೂಟು, ಹೆಲ್ಮೆಟ್ಟುಗಳನ್ನು ಡೊಲೊರೆಸ್‌ಳ ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು.

"ಎಲ್ಲ ಇದೆ, ನೋಡ್ಕೊಳ್ಳಿ. ಕೈಗವಸೂ ಇದೆ. ಆಮೇಲೆ ನಾನು ಹೊತ್ಕೊಂಡು ಹೋದೆ ಅನ್ಬಾರ್ದು."

"ಯಾರೂ ಅನ್ನಲ್ಲ. ಮೇಲ್ಮನವಿ ಹಾಕ್ಬಹುದು, ಕೋರಿನ್. ನಾನೇ ಬರೀತೀನಿ."

"ಬೇಡ. ಇನ್ನೂ ಎಷ್ಟು ಜನಕ್ಕೆ ನನ್ನ ಕಥೆ ಹೇಳ್ಲಿ? ಅಮ್ಮ ಯಾಕೆ ಬಿಟ್ಟೋದ್ಲು, ಅಜ್ಜಿಗೆ ಎಷ್ಟು ಬರತ್ತೆ, ಎಲ್ರಿಗೂ ಹೇಳಿದೀನಿ. ಎಲ್ರೂ ಅಯ್ಯೋ ಪಾಪ ಅಂತಾರೆ, ಆಮೇಲೆ ಇನ್ನೊಂದು ಕಿಟಕಿ ತೋರಿಸ್ತಾರೆ. ಒಂದು ವರ್ಷ ನಿದ್ದೆಗೆಟ್ಟೆ ಮಿಸೆಸ್ ಹಾಸ್ಕೊ. ಸಾಕು."

ಡೊಲೊರೆಸ್‌ಗೆ ಅಯ್ಯೋ ಪಾಪ ಎನ್ನುವ ಅಭ್ಯಾಸ ಮೊದಲೇ ಇರಲಿಲ್ಲ. ಸಾಮಾನು ಮುಟ್ಟಿದೆ ಎಂದು ರಸೀದಿ ಬರೆಯತೊಡಗಿದಳು.

ಅಷ್ಟರಲ್ಲಿ ಸೈರನ್ ಕೂಗಿತು. ರೇಡಿಯೋದಲ್ಲಿ ವಿಳಾಸ ಬಂತು: ಗುಡ್ಡದ ತಿರುವಿನಾಚೆ, ಸಾಲು ಮನೆಗಳ ಬೀದಿ, ಅಡುಗೆಮನೆಯಿಂದ ಹೊಗೆ. ಅಲ್ಲಿಯ ದಳದ ಲಾರಿ ದುರಸ್ತಿಯಲ್ಲಿದೆ, ನೆರವು ಬೇಕು. ಲಿಯೋ ಕೈಯೊರೆಸಿಕೊಳ್ಳುತ್ತ ಅಡುಗೆಮನೆಯಿಂದ ಓಡಿ ಬಂದ. ಲಾರಿ ಓಡಿಸುವ ವಿನ್ಸ್ ಮುದುಕ ಆಗಲೇ ಮೇಲೆ ಹತ್ತಿದ್ದ. ಮೂರನೆಯವರಿಲ್ಲದೆ ಲಾರಿ ಹೊರಡುವಂತಿಲ್ಲ. ವಾರದ ದಿನ, ಮಧ್ಯಾಹ್ನ. ಕೈಕಾಲು ಗಟ್ಟಿಯಿರುವವರೆಲ್ಲ ಗೋದಾಮುಗಳಲ್ಲಿ ಕೆಲಸಕ್ಕೆ ಹೋಗಿದ್ದರು. ಲಿಯೋ ಬೀದಿಯ ಎರಡೂ ಕಡೆ ನೋಡಿದ. ಯಾರ ಕಾರೂ ಬರುತ್ತಿರಲಿಲ್ಲ.

"ಆಚೆ ಕೌಂಟಿದಾ?" ಎಂದಳು ಕೋರಿನ್.

"ಆಚೇದೇ." ಲಿಯೋ ಮೇಜಿನ ಮೇಲಿದ್ದ ಕೋಟನ್ನು ನೋಡಿದ, ಕೆಣಕಲಿಲ್ಲ. "ನೀನು ಹೊರಡಮ್ಮ. ನಿಂದೇನಿದೆ ಇಲ್ಲಿ? ಮುಂದಿನೂರಿನೋರಿಗೆ ಹೇಳ್ತೀನಿ."

"ಅವರು ಬರೋಷ್ಟರಲ್ಲಿ ಪಕ್ಕದ ಮನೇಗೂ ಹಿಡ್ದಿರತ್ತೆ."

"ಹಿಡೀಬಹುದು."

ಕೋರಿನ್ ಒಂದು ಕೆಟ್ಟ ಬೈಗುಳ ಬೈದಳು. ಲಿಯೋನನ್ನೋ, ಕೌಂಟಿಯನ್ನೋ, ಫ್ಲಾರಿಡಾದಲ್ಲಿದ್ದ ಅಮ್ಮನನ್ನೋ ಹೇಳಲಾಗದು. ಬೂಟಿಗೆ ಕಾಲು ತೂರಿಸಿ, ಕೋಟನ್ನು ಮೇಜಿನಿಂದ ಸೆಳೆದಳು. ಅರ್ಧ ಬರೆದ ರಸೀದಿ ಅದರ ಜೊತೆ ನೆಲಕ್ಕೆ ಬಿತ್ತು.

"ಮೂರಕ್ಕೆ ನನ್ನ ಪಾಳಿ. ಅಂಗಡಿಗೆ ಒಂದು ಫೋನ್ ಮಾಡಿ, ಲೇಟಾಗತ್ತೆ ಅಂತ," ಎಂದು ಡೊಲೊರೆಸ್‌ಗೆ ಹೇಳಿ ಲಾರಿ ಹತ್ತಿದಳು.

ಲಾರಿ ತಿರುವು ದಾಟುವವರೆಗೆ ಅದರ ಸದ್ದು ಕೇಳಿಸಿತು. ಡೊಲೊರೆಸ್ ಅಂಗಡಿಗೆ ಫೋನು ಮಾಡಿ, ಕೋರಿನ್ ಬರುವುದು ತಡವಾಗುತ್ತದೆ, ಬೆಂಕಿಗೆ ಹೋಗಿದ್ದಾಳೆ ಎಂದಳು.

"ಬೆಂಕಿಗಾ?" ಎಂದ ಅಂಗಡಿಯ ಮ್ಯಾನೇಜರು. "ಅದರಿಂದ ಏನೂ ಗಿಟ್ಟಲಿಲ್ಲ, ಬಿಟ್ಟೆ ಅಂದಿದ್ಲಲ್ಲ ಬೆಳಿಗ್ಗೆ. ಮತ್ತೆ ಯಾಕೆ ಹೋದ್ಲು?"

ಡೊಲೊರೆಸ್ ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲ ಎಂದೇ ಹೇಳಬೇಕೆಂದು ಮಕ್ಕಳಿಗೆ ಕಲಿಸಿದವಳು. "ಗೊತ್ತಿಲ್ಲ," ಎಂದು ಹೇಳಿ, ನೆಲಕ್ಕೆ ಬಿದ್ದಿದ್ದ ಅರ್ಧ ರಸೀದಿಯನ್ನು ಎತ್ತಿಕೊಂಡಳು.