ಬಟ್ಟೆಯ ಆಕಾಶದಲ್ಲಿ ಅರುಂಧತಿ

ಫ್ಯಾನ್ ಹಾಕಿದರೆ ಉಬ್ಬಿ ನಿಲ್ಲುವ, ಆರಿಸಿದರೆ ನೆಲಕ್ಕೆ ಮಲಗುವ ಬಟ್ಟೆಯ ಗುಮ್ಮಟವೊಂದನ್ನು ವ್ಯಾನಿನಲ್ಲಿ ಹೇರಿಕೊಂಡು ಪತ್ತಿಕೊಂಡ, ದೇವನಕೊಂಡ ಅಂತ ಶಾಲೆಯಿಂದ ಶಾಲೆಗೆ ಅಲೆಯುವುದು ನನ್ನ ಕೆಲಸ. ಮಕ್ಕಳು ತೆವಳಿಕೊಂಡು ಒಳಗೆ ಬಂದು ಅಂಗಾತ ಮಲಗುತ್ತಾರೆ. ಪ್ರೊಜೆಕ್ಟರ್ ಹಾಕಿದರೆ ಮಟಮಟ ಮಧ್ಯಾಹ್ನದಲ್ಲೇ ತಲೆಯ ಮೇಲೆ ನಕ್ಷತ್ರಗಳು ಮೂಡುತ್ತವೆ. ಎಷ್ಟು ಸಲ ನೋಡಿದ್ದರೂ ಆ ಗಳಿಗೆಯಲ್ಲಿ ನೆಲವೇ ಮೆಲ್ಲಗೆ ತೇಲಿದ ಹಾಗೆ ನನಗೆ ಅನ್ನಿಸುತ್ತದೆ.

ಈ ಹುಚ್ಚು ಹಿಡಿಸಿದವರು ನಮ್ಮಪ್ಪ, ಆದೋನಿಯಲ್ಲಿ ಪುರೋಹಿತರು. ಚಿಕ್ಕವಳಿದ್ದಾಗ ಮಾಳಿಗೆಯ ಮೇಲೆ ಪಕ್ಕದಲ್ಲಿ ಮಲಗಿಸಿಕೊಂಡು ಸಪ್ತರ್ಷಿಗಳನ್ನು ತೋರಿಸುತ್ತಿದ್ದರು. ಕೆಲವು ವರ್ಷಗಳಿಂದ ಅವರ ಕಣ್ಣು ಮಬ್ಬಾಗುತ್ತ ಬಂದು, ಆಕಾಶ ಅವರ ಪಾಲಿಗೆ ಬರೀ ಕಪ್ಪಾಗಿತ್ತು. ಇದನ್ನು ನನಗೆ ಹೇಳಿದ್ದು ಡಾಕ್ಟರು, ಅಪ್ಪ ಅಲ್ಲ. ಮದುವೆಗಳಲ್ಲಿ ಅರುಂಧತಿ ತೋರಿಸುವುದಕ್ಕೆ ಕಣ್ಣೇನೂ ಬೇಕಿಲ್ಲವಲ್ಲ! ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅವರು ಬೆರಳೆತ್ತಿ "ಕಾಣ್ತದೇನು?" ಅನ್ನುತ್ತಿದ್ದರು. ಮದುಮಕ್ಕಳು ಕಣ್ಣು ಕಿರಿದು ಮಾಡಿ "ಕಾಣ್ತೈತ್ರಿ" ಅನ್ನುತ್ತಿದ್ದರು. ತೋರಿಸಿದವರಿಗೂ ಕಾಣದು, ನೋಡಿದವರಿಗೂ ಕಾಣದು. ಮದುವೆ ಮಾತ್ರ ಸಾಂಗವಾಗಿ ಆಗುತ್ತಿತ್ತು.

ಒಂದು ಮಧ್ಯಾಹ್ನ ಹಟ ಮಾಡಿ ಅವರನ್ನು ಗುಮ್ಮಟಕ್ಕೆ ಕರೆದುಕೊಂಡು ಹೋದೆ. ಗರ್ಭಗುಡಿಗೆ ಬಂದವರ ಹಾಗೆ ಚಪ್ಪಲಿ ಬಿಟ್ಟು, ಬಗ್ಗಿ ಒಳಗೆ ಬಂದರು. ನಡುವೆ ಕೂರಿಸಿ, ನಕ್ಷತ್ರಗಳನ್ನು ಎಷ್ಟು ದಪ್ಪ ಮಾಡಲು ಬರುತ್ತದೋ ಅಷ್ಟು ದಪ್ಪ ಮಾಡಿದೆ. ಫ್ಯಾನು ಗುಂಯ್ ಅನ್ನುತ್ತಿತ್ತು. ಗಾಳಿಗೆ ಬಟ್ಟೆ ಅಲುಗಿದಾಗ ಆಕಾಶವೆಲ್ಲ ಉಸಿರಾಡುತ್ತಿತ್ತು.

"ಕಾಣ್ತದೇನಪ್ಪಾ?"

"ಹೂಂ, ಕಾಣ್ತದ, ಕಾಣ್ತದ."

ಮದುಮಕ್ಕಳದೇ ದನಿ! ನನಗೆ ಬೇಜಾರಾಗಬಾರದೆಂದು ಹೂಂಗುಟ್ಟುತ್ತಿದ್ದಾರೆ ಅನ್ನಿಸಿತು. ನಾನೂ ಅವರ ಪಕ್ಕದಲ್ಲಿ ಕೂತೆ. ನಕ್ಷತ್ರಗಳ ಕೆಳಗೆ ನಾವಿಬ್ಬರೂ ಎಷ್ಟು ಹೊತ್ತು ಹಾಗೆ ತೇಲಿದೆವೋ ಗೊತ್ತಿಲ್ಲ.

ಆಮೇಲೆ ಅಪ್ಪನ ಕೈಗಳು ಎದ್ದವು. ತೋಳು ಚಾಚಿ, ಗುಮ್ಮಟದ ಅಂಚಿನಿಂದ ಮೇಲಕ್ಕೆ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತ ಅಳೆಯತೊಡಗಿದರು.

"ಏ ಹುಡುಗಿ, ಇದು ಯಾವೂರಿನ ಆಕಾಶ? ನಮ್ಮ ಧ್ರುವ ನೆಲದಿಂದ ಒಂದೂವರಿ ಮುಷ್ಟಿ ಮ್ಯಾಲ ಇರ್ತಾನ. ಇಲ್ಲಿ ಮೂರು ದಾಟಿ ಕೂತಾನ!"

ಕಂಪ್ಯೂಟರ್ ನೋಡಿದೆ. ಹಿಂದಿನ ದಿನ ಮದ್ದಿಕೇರದ ಮಕ್ಕಳಿಗೆ, ಧ್ರುವ ನಮ್ಮಲ್ಲಿಗಿಂತ ಎತ್ತರದಲ್ಲಿ ಕಾಣುವ ಕಾಶ್ಮೀರದ ಆಕಾಶ ತೋರಿಸಿ, ಊರು ಬದಲಾಯಿಸುವುದನ್ನೇ ಮರೆತಿದ್ದೆ. ನಾಚಿಕೆಪಡಬೇಕಾದ ತಪ್ಪು. ನನಗೋ ಖುಷಿಗೆ ಅಳು ಬಂತು. ಆದೋನಿ ಎಂದು ಒತ್ತಿದೆ. ಧ್ರುವ ಮೆಲ್ಲಗೆ ಇಳಿದು ತನ್ನ ಜಾಗಕ್ಕೆ ಬಂದ.

"ಹಾಂ, ಈಗ ಸರಿ," ಎಂದ ಅಪ್ಪ ಬೆರಳನ್ನು ವಸಿಷ್ಠನ ಪಕ್ಕಕ್ಕೆ ಒಯ್ದರು. "ಅಗೋ, ಅರುಂಧತಿ. ಕಾಣ್ತದೇನು?"

ಕಣ್ಣು ತುಂಬಿಕೊಂಡು ನನಗೆ ಒಂದು ನಕ್ಷತ್ರವೂ ಕಾಣುತ್ತಿರಲಿಲ್ಲ.

"ಕಾಣ್ತದಪ್ಪಾ," ಅಂದೆ.